ಅವಾಚ್ಯ ಶಬ್ದ ಅಂತ ಬರೆಯಬೇಡಿ, ಆ ಶಬ್ದವನ್ನೇ ಬರೆಯಿರಿ

ಕಳೆದ ಮಳೆಗಾಲದಲ್ಲಿ ಮಂಗಳೂರು ಹಂಪನಕಟ್ಟೆಯ ನಮ್ಮ ಆಫೀಸಿಗೆ ಒಬ್ಬ ಹುಡುಗಿ ಬಂದಿದ್ದಳು. ಡಿಗ್ರಿ ಮೊದಲ ವರ್ಷ, ಹಾಸ್ಟೆಲ್ ವಾಸ. ಕೈಯಲ್ಲಿ ನಾಲ್ಕು ಮಡಿಕೆಯ, ಅಂಚು ಒದ್ದೆಯಾದ ಹಾಳೆ. ಕಾಲೇಜಿಗೆ ಕೊಟ್ಟ ದೂರಿನ ಪ್ರತಿ ಅದು. ಎರಡೇ ಸಾಲು: ‘ಸೀನಿಯರ್‌ಗಳು ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ. ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

"ಏನಂತ ಬೈದ್ರು ಮಗಾ?" ಕೇಳಿದೆ. ತುಂಬಾ ಹೊತ್ತು ನೆಲ ನೋಡಿದಳು. ಆಮೇಲೆ ಹೇಳಿದಳು. ಊಟದ ಹಾಲ್‌ನಲ್ಲಿ, ತಟ್ಟೆ ಹಿಡಿದು ಸಾಲಲ್ಲಿ ನಿಂತವರೆಲ್ಲರ ಮುಂದೆ, ಅವಳ ಜಾತಿ ಹೆಸರು ಹಿಡಿದು ತುಳುವಿನಲ್ಲಿ ಆಡಿದ ಮಾತು. "ಅದನ್ನು ಬರೆಯಲಿಕ್ಕೆ ನಾಚಿಕೆ ಆಯ್ತು ಮೇಡಂ. ಕಾಲೇಜ್ ಆಫೀಸಿನಲ್ಲೂ ಇಷ್ಟು ಬರೆದರೆ ಸಾಕು ಅಂದ್ರು."

ಸಾಕಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆಯುವ 1989ರ ಕಾಯ್ದೆಯಲ್ಲಿ ಜಾತಿ ಹೆಸರು ಹಿಡಿದು ಬೈಯುವುದೇ ಅಪರಾಧ, ಆದರೆ ಅದು ಬೇರೆ ಜನರ ಕಣ್ಣಿಗೆ, ಕಿವಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ‘ಅವಾಚ್ಯ ಶಬ್ದ’ ಅಂತ ಬರೆದ ಕೂಡಲೇ ಜಾತಿ ಮಾಯವಾಗುತ್ತದೆ, ಸೀನಿಯರ್ ಜೂನಿಯರ್ ಜಗಳ ಮಾತ್ರ ಉಳಿಯುತ್ತದೆ. ಆಡಿದ ಮಾತು ಚಾರ್ಜ್‌ಶೀಟಿನಲ್ಲಿ ಕಾಣಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ತುಳುವಿನಲ್ಲಿ ಬೈದರೆ ತುಳುವಿನಲ್ಲೇ, ಬ್ಯಾರಿಯಲ್ಲಾದರೆ ಬ್ಯಾರಿಯಲ್ಲೇ ಬರೆಯಿರಿ. ಅರ್ಥ ಕೆಳಗೆ ಕೊಡಿ. ಆ ಮಾತು ನಿಮ್ಮದಲ್ಲ, ನಾಚಿಕೆಯೂ ನಿಮ್ಮದಾಗಬೇಕಿಲ್ಲ.

ಧರ್ಮದ ವಿಷಯದಲ್ಲೂ ಹಾಗೇ. ಬೇರೆ ಧರ್ಮದ ಸಹಪಾಠಿ ಜೊತೆ ಬಸ್ಸಿಗೆ ಕಾಯುತ್ತಿದ್ದವರನ್ನು ಅಡ್ಡಗಟ್ಟಿ ಹೊಡೆಯುವುದನ್ನು ನಮ್ಮ ಪತ್ರಿಕೆಗಳು ಅನೈತಿಕ ಪೊಲೀಸ್‌ಗಿರಿ ಅನ್ನುತ್ತವೆ. ದೂರಿನಲ್ಲಿ ಬರುವುದು ಮಾತ್ರ ‘ಹಲ್ಲೆ ನಡೆಸಿದರು’ ಅಂತ. ಹೊಡೆಯುವ ಮೊದಲು ಹೆಸರು ಕೇಳಿದ್ರು, ಐಡಿ ಕಾರ್ಡ್ ಎಳೆದು ನೋಡಿದ್ರು, ಅಲ್ವಾ? ಆ ಕ್ರಮವನ್ನೇ ಬರೆಯಿರಿ. ಏಕೆ ಹೊಡೆದರು ಅನ್ನುವುದಕ್ಕೆ ಸಾಕ್ಷಿ ಅದೇ. ಭಾರತೀಯ ನ್ಯಾಯ ಸಂಹಿತೆಯ 117(4) ಕಲಂ ಪ್ರಕಾರ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಊರು, ಇಂಥ ಕಾರಣಕ್ಕೆ ತೀವ್ರ ಗಾಯ ಮಾಡಿದರೆ ಏಳು ವರ್ಷದವರೆಗೆ ಜೈಲು. ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ದ್ವೇಷ ಹಬ್ಬಿಸಿದರೆ ಅದೇ ಸಂಹಿತೆಯ 196ನೇ ಕಲಂ ಇದೆ.

ಗ್ರೂಪಿನಲ್ಲಿ ಬಂದ ಮೆಸೇಜ್ ಆದರೆ ಡಿಲೀಟ್ ಆಗುವ ಮೊದಲು ನಂಬರ್, ದಿನ, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಚಾಟ್ ಅಳಿಸಬೇಡಿ, ಫೋನ್ ಬದಲಿಸಬೇಡಿ. ಸ್ಟೇಟಸ್ ಹಾಕುವುದೂ ಬೇಡ. ಸಂಜೆಯೊಳಗೆ ಎರಡು ಗುಂಪು ಗೇಟಿನ ಹೊರಗೆ ನಿಂತಿರುತ್ತವೆ, ನಿಮ್ಮ ದೂರು ಅದರಡಿ ಹೂತು ಹೋಗುತ್ತದೆ.

ಕಾಲೇಜಿಗೆ ದೂರು ಕೊಟ್ಟಾಗ ನಿಮ್ಮ ಪ್ರತಿಗೆ ಸೀಲ್, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಇದು ರ‍್ಯಾಗಿಂಗ್ ಅಲ್ಲ’ ಅಂದರೆ ಒಪ್ಪಬೇಡಿ: ಜಾತಿ, ಧರ್ಮ, ಬಣ್ಣ, ಭಾಷೆ, ಊರು ನೋಡಿ ಹಿಂಸಿಸುವುದೂ ರ‍್ಯಾಗಿಂಗೇ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರಲ್ಲಿ ತನ್ನ ನಿಯಮಕ್ಕೆ ಸೇರಿಸಿದೆ. ಕೇರಳದಿಂದ, ಈಶಾನ್ಯದಿಂದ ಇಲ್ಲಿಗೆ, ಮಣಿಪಾಲಕ್ಕೆ ಓದಲು ಬರುವ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ರ‍್ಯಾಗಿಂಗ್ ವಿರುದ್ಧದ ಸಹಾಯವಾಣಿ 1800-180-5522, ದಿನವಿಡೀ ಇರುತ್ತದೆ.

ಚೇಂಬರಿನಲ್ಲಿ ಕೂರಿಸಿ ‘ಮುಚ್ಚಳಿಕೆ ಬರೆಸುತ್ತೇವೆ, ನೀನೂ ಸಹಿ ಹಾಕಿಬಿಡು’ ಅಂದರೆ ಹಾಕಬೇಡಿ. ಮನೆಯವರಿಗೆ ತೋರಿಸಿ ಬರುತ್ತೇನೆ ಅಂತ ಹೇಳಿ ಎದ್ದು ಬನ್ನಿ. ಆ ಒಂದು ಸಹಿ ಎಷ್ಟು ಕೇಸು ಮುಗಿಸಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಪೊಲೀಸರ ಹತ್ತಿರ ಹೋಗಲು ಕಾಲೇಜಿನ ಅನುಮತಿ ಬೇಡ. ಘಟನೆ ಉಡುಪಿಯಲ್ಲಾಗಿ ನೀವು ಮಂಗಳೂರಿನ ಮನೆಗೆ ಬಂದಿದ್ದರೂ ಇಲ್ಲಿನ ಠಾಣೆ ಝೀರೋ ಎಫ್‌ಐಆರ್ ಮಾಡಬೇಕು, ಅಂದರೆ ತನ್ನ ವ್ಯಾಪ್ತಿಯದಲ್ಲದಿದ್ದರೂ ದೂರು ದಾಖಲಿಸಬೇಕು. ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಉಡುಪಿಯಲ್ಲಾದರೆ ಎಸ್‌ಪಿಗೆ, ಮಂಗಳೂರು ನಗರದಲ್ಲಾದರೆ ಕಮಿಷನರ್‌ಗೆ ಕಳಿಸಿ. ದೌರ್ಜನ್ಯ ಕಾಯ್ದೆಯ ಕೇಸಿನಲ್ಲಿ ‘ಮೊದಲು ವಿಚಾರಣೆ ಮಾಡಿ ನೋಡ್ತೇವೆ’ ಅನ್ನುವ ಹಾಗಿಲ್ಲ, ನೇರ ಎಫ್‌ಐಆರ್.

ಆ ಹುಡುಗಿ ನಮ್ಮ ಮೇಜಿನ ಮೇಲೇ ಹೊಸದಾಗಿ ಬರೆದಳು. ಆ ಶಬ್ದ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕನ್ನಡ ಅಕ್ಷರದಲ್ಲಿ ಆ ತುಳು ಮಾತನ್ನು ಬರೆದು, ಕೆಳಗೆ ಕೇಳಿಸಿಕೊಂಡವರ ಹೆಸರು ಹಾಕಿದಳು. ಮೂರು ಗೆಳತಿಯರು, ಮತ್ತೆ ಅವತ್ತು ಸಾರು ಬಡಿಸುತ್ತಿದ್ದ ಅಕ್ಕ.