ಬಾಗಿಲಿಗಿಂತ ಮೊದಲು ಕಿಟಕಿ: ಸಾಂಕ್ರಾಮಿಕದ ನಡುವೆ ಶಾಲೆ ತೆರೆದ ಬಗೆ

2020ರ ಮೇ 17ರಂದು ಇಸ್ರೇಲ್ ತನ್ನ ಶಾಲೆಗಳನ್ನು ಪೂರ್ತಿಯಾಗಿ ತೆರೆಯಿತು. ಎರಡು ದಿನ ಕಳೆಯುವಷ್ಟರಲ್ಲಿ ಬಿಸಿಗಾಳಿ ಶುರುವಾಯಿತು. ಸೆಕೆ ತಾಳಲಾರದೆ ಮಕ್ಕಳಿಗೆ ಮೂರು ದಿನ ಮಾಸ್ಕ್‌ನಿಂದ ವಿನಾಯಿತಿ ಸಿಕ್ಕಿತು. ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ 39ರಿಂದ 49 ಚದರ ಮೀಟರ್ ಕೋಣೆಗಳಲ್ಲಿ 35ರಿಂದ 38 ವಿದ್ಯಾರ್ಥಿಗಳು ಕೂತಿದ್ದರು. ಎಸಿ ಬಿಡುವಿಲ್ಲದೆ ಓಡುತ್ತಿತ್ತು. ತಿಂಗಳ ಕೊನೆಗೆ ಸೋಂಕು ಪತ್ತೆಯಾಗಿ ಇಡೀ ಶಾಲೆಯನ್ನು ಪರೀಕ್ಷಿಸಿದಾಗ 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಕೋವಿಡ್ ತಗುಲಿತ್ತು. ಕೋಣೆಯ ಎಸಿ ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ಎಳೆದು ತಂಪು ಮಾಡಿ ಒಳಕ್ಕೇ ಬಿಡುತ್ತದೆ. ತಂಪಾಯಿತು ಎಂದ ಮಾತ್ರಕ್ಕೆ ಗಾಳಿ ಬದಲಾದಂತಲ್ಲ.

ಅದಕ್ಕೂ ಒಂದು ತಿಂಗಳು ಮೊದಲು, ಏಪ್ರಿಲ್ 15ರಂದು, ಡೆನ್ಮಾರ್ಕ್ ಚಿಕ್ಕ ಮಕ್ಕಳ ತರಗತಿಗಳನ್ನು ತೆರೆದಿತ್ತು. ತರಗತಿಗಳನ್ನು ಸಣ್ಣ ಗುಂಪುಗಳಾಗಿ ಒಡೆದರು. ಒಂದು ಗುಂಪಿನ ಮಕ್ಕಳು ಇನ್ನೊಂದರ ಜೊತೆ ಆಡುವ ಹಾಗಿರಲಿಲ್ಲ. ಸಾಧ್ಯವಾದಷ್ಟು ಪಾಠ ಬಯಲಲ್ಲೇ ನಡೆಯಿತು. ಆಗ ಅಲ್ಲಿ ಸೋಂಕು ಮತ್ತೆ ಏರಲಿಲ್ಲ. ಇದರ ಶ್ರೇಯ ಪೂರ್ತಿ ಶಾಲೆಗಳದ್ದಲ್ಲ. ಊರಿನಲ್ಲೇ ಸೋಂಕು ಇಳಿಮುಖವಾಗಿದ್ದಾಗ ಅವರು ಬಾಗಿಲು ತೆರೆದರು. ಊರಲ್ಲಿ ಹರಡುತ್ತಿರುವ ರೋಗವನ್ನು ಶಾಲೆಯ ಗೇಟು ತಡೆಯಲಾರದು.

ಬಯಲಿನ ಪಾಠ ಹೊಸದೇನಲ್ಲ. 1904ರಲ್ಲಿ ಬರ್ಲಿನ್ ಪಕ್ಕದ ಶಾರ್ಲೊಟೆನ್‌ಬುರ್ಗ್‌ನಲ್ಲಿ ಅಶಕ್ತ ಮಕ್ಕಳಿಗಾಗಿ ಕಾಡಿನ ನಡುವೆ ಶಾಲೆ ತೆರೆದರು. 1908ರ ಜನವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಎಲೆನ್ ಸ್ಟೋನ್ ಮತ್ತು ಮೇರಿ ಪ್ಯಾಕರ್ಡ್ ಎಂಬ ವೈದ್ಯೆಯರ ಪ್ರಯತ್ನದಿಂದ ಕಿಟಕಿ ಮುಚ್ಚದ ಶಾಲೆ ಶುರುವಾಯಿತು. ಕ್ಷಯದ ಭಯವಿದ್ದ ಮಕ್ಕಳು ದಪ್ಪ ಕಂಬಳಿಚೀಲದೊಳಗೆ ಕಾಲಿಳಿಸಿ, ಪಾದದ ಬಳಿ ಕಾಯಿಸಿದ ಬಳಪದ ಕಲ್ಲು ಇಟ್ಟುಕೊಂಡು ಓದುತ್ತಿದ್ದರು. ಚಳಿಯನ್ನು ಕಂಬಳಿಯಿಂದ ತಡೆಯಬೇಕೇ ಹೊರತು ಕಿಟಕಿ ಮುಚ್ಚಿ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು.

1918ರ ಇನ್‌ಫ್ಲುಯೆಂಜಾ ಬಂದಾಗ ಅಮೆರಿಕದ ಹೆಚ್ಚಿನ ನಗರಗಳು ಶಾಲೆ ಮುಚ್ಚಿದವು. ನ್ಯೂಯಾರ್ಕ್ ಮುಚ್ಚಲಿಲ್ಲ. ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಮತ್ತು ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ ಜೋಸೆಫಿನ್ ಬೇಕರ್ ಅವರ ವಾದ ಸರಳವಾಗಿತ್ತು: ಕಿಕ್ಕಿರಿದ ಮನೆಗಳಿಗಿಂತ ಶಾಲೆಯ ಕೋಣೆ ವಾಸಿ, ಅಲ್ಲಿ ಪ್ರತಿ ಮಗುವನ್ನೂ ದಿನವೂ ಗಮನಿಸುವವರಿದ್ದಾರೆ. ಬೆಳಿಗ್ಗೆ ತಪಾಸಣೆ, ಲಕ್ಷಣ ಕಂಡವರು ಕೂಡಲೇ ಮನೆಗೆ. ಈ ವ್ಯವಸ್ಥೆ ಸುಮಾರು ಎರಡು ದಶಕಗಳಿಂದ ಕಟ್ಟಿಕೊಂಡು ಬಂದದ್ದರಿಂದಲೇ ಆ ಧೈರ್ಯ ಸಾಧ್ಯವಾಯಿತು. ತಪಾಸಣೆಗೆ ಜನರಿಲ್ಲದ ನಗರಕ್ಕೆ ಅದೇ ತೀರ್ಮಾನ ಹೊಂದುತ್ತಿರಲಿಲ್ಲ. ಮುಂದೆ 1937ರಲ್ಲಿ ಪೋಲಿಯೊ ಹಬ್ಬಿದಾಗ ಶಿಕಾಗೊ ಶಾಲೆ ತೆರೆಯುವುದನ್ನು ಮುಂದೂಡಿ ರೇಡಿಯೊದಲ್ಲಿ ಪಾಠ ಮಾಡಿಸಿತು.

ಆಮೇಲೆ ಲಸಿಕೆ ಬಂತು, ಆಂಟಿಬಯಾಟಿಕ್ ಬಂತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲು ಕಟ್ಟಡಗಳ ಸಂದುಗೊಂದುಗಳನ್ನೆಲ್ಲ ಬಿಗಿದರು. ಗಾಳಿಯ ವಿಚಾರ ಮರೆತೇಹೋಯಿತು.

ಆ ಮರೆವಿನ ಬೆಲೆ 2020ರಲ್ಲಿ ತೆರಬೇಕಾಯಿತು. ಯುನೆಸ್ಕೊ ಲೆಕ್ಕದಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿದ್ದಾಗ, ಆಡಳಿತಗಳ ಗಮನವೆಲ್ಲ ಡೆಸ್ಕ್ ಒರೆಸುವುದರ ಮೇಲೆ, ಅಂತರದ ಮೇಲೆ ಇತ್ತು. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಸೋಂಕು ಗಾಳಿಯಲ್ಲಿ ತೇಲಿ ಹರಡುತ್ತದೆ ಎಂದು ಒತ್ತಿ ಹೇಳಬೇಕಾಯಿತು. ಕೈ ತೊಳೆಯುವುದು ಬೇಡವೆಂದಲ್ಲ. ಆದರೆ ಮೇಲ್ಮೈ ಮುಟ್ಟಿ ಸೋಂಕು ತಗುಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳುವ ಹೊತ್ತಿಗೆ ಎಷ್ಟೋ ಶಾಲೆಗಳ ಹಣ, ದುಡಿಮೆ ಒರೆಸುವುದರಲ್ಲೇ ಕರಗಿತ್ತು. ಅಂತರದ ನಿಯಮ ಇನ್ನೊಂದು ಪೆಟ್ಟು ಕೊಟ್ಟಿತು. ಎರಡು ಮೀಟರ್ ಬಿಟ್ಟು ಕೂರಿಸಿದರೆ ಒಬ್ಬರಿಗೆ ಹೆಚ್ಚೂಕಡಿಮೆ 4 ಚದರ ಮೀಟರ್ ಬೇಕು. ಒಂದು ಮೀಟರ್ ಸಾಕೆಂದರೆ ಒಂದೇ ಚದರ ಮೀಟರ್. ಅರ್ಧ ತರಗತಿ ಒಂದು ದಿನ, ಉಳಿದರ್ಧ ಮರುದಿನ ಎಂಬ ಪಾಳಿ ಹುಟ್ಟಿದ್ದು ಈ ಲೆಕ್ಕದಿಂದ. 2021ರ ಮಾರ್ಚ್‌ನಲ್ಲಿ ಸಿಡಿಸಿ ಮಾಸ್ಕ್ ಹಾಕಿದ ತರಗತಿಗಳಿಗೆ ಆರು ಅಡಿಯನ್ನು ಮೂರಕ್ಕಿಳಿಸಿದ ಮೇಲೆ ಅಲ್ಲಿ ಪೂರ್ತಿ ತರಗತಿ ಕೂರಿಸಲು ದಾರಿಯಾಯಿತು.

ಹಾಗಂತ ಗಾಳಿಯೊಂದೇ ಸಾಲದು. 2021ರ ಮೇನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಒಂದು ತರಗತಿಯಲ್ಲಿ ಕಿಟಕಿ ತೆರೆದಿತ್ತು, ಏರ್ ಫಿಲ್ಟರ್ ಓಡುತ್ತಿತ್ತು, ಡೆಸ್ಕ್‌ಗಳ ನಡುವೆ ಆರು ಅಡಿ ಇತ್ತು, ಮಕ್ಕಳು ಮಾಸ್ಕ್ ಹಾಕಿದ್ದರು. ಲಸಿಕೆ ಪಡೆಯದ ಶಿಕ್ಷಕರೊಬ್ಬರು ಶೀತ, ಸುಸ್ತು ಇದ್ದರೂ ಎರಡು ದಿನ ಪಾಠ ಮಾಡಿದರು. ಗಟ್ಟಿಯಾಗಿ ಓದಿ ಹೇಳುವಾಗ ಆಗಾಗ ಮಾಸ್ಕ್ ತೆಗೆದರು. 24 ಮಕ್ಕಳಲ್ಲಿ 12 ಮಂದಿಗೆ ಸೋಂಕು ತಗುಲಿತು: ಮುಂದಿನ ಎರಡು ಸಾಲಿನ 10ರಲ್ಲಿ 8, ಹಿಂದಿನ ಮೂರು ಸಾಲಿನ 14ರಲ್ಲಿ 4. ಗಟ್ಟಿ ದನಿಯಲ್ಲಿ ಓದುವ ಬಾಯಿಂದ ಹೊರಬೀಳುವ ಕಣಗಳು ಮೌನವಾಗಿ ಉಸಿರಾಡುವಾಗಿನದಕ್ಕಿಂತ ಬಹಳ ಹೆಚ್ಚು, ಮತ್ತು ಹತ್ತಿರದವರಿಗೆ ಅವು ಚದುರುವ ಮೊದಲೇ ತಲುಪುತ್ತವೆ. ಆದ್ದರಿಂದ ನಾವು ಮೊದಲು ಕೇಳುವ ಪ್ರಶ್ನೆ ಇದು: ಹುಷಾರಿಲ್ಲದ ಶಿಕ್ಷಕರಿಗೆ ಸಂಬಳ ಕಡಿತವಿಲ್ಲದ ರಜೆ ಇದೆಯೇ, ಅವರ ತರಗತಿ ನೋಡಿಕೊಳ್ಳಲು ಬದಲಿ ಜನ ಇದ್ದಾರೆಯೇ? ಇಲ್ಲವಾದರೆ ಉಳಿದ ಏರ್ಪಾಡೆಲ್ಲ ಅರೆಬರೆ.

ಸೋಂಕಿತರನ್ನು ತರಗತಿಯಿಂದ ದೂರವಿಡಲು ಕೋವಿಡ್ ಪರೀಕ್ಷೆಯೂ ಹೆಗಲು ಕೊಟ್ಟಿತು. ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ವಾರಕ್ಕೆರಡು ಸಲ ಹತ್ತಿಕಡ್ಡಿಯನ್ನು 30 ಸೆಕೆಂಡ್ ಲಾಲಿಪಾಪ್‌ನಂತೆ ಚೀಪಿ ಕೊಡುತ್ತಿದ್ದರು. ಇಡೀ ತರಗತಿಯ ಕಡ್ಡಿಗಳಿಗೆ ಸೇರಿ ಒಂದೇ ಪಿಸಿಆರ್. ಪಾಸಿಟಿವ್ ಬಂದರೆ ಮಾತ್ರ ಬಿಡಿಬಿಡಿ ಪರೀಕ್ಷೆ. ಇಂಗ್ಲೆಂಡಿನಲ್ಲಿ 201 ಶಾಲೆಗಳ ಪ್ರಯೋಗದಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಮನೆಯಲ್ಲಿ ಕೂರಿಸುವ ಬದಲು ದಿನವೂ ಪರೀಕ್ಷಿಸಿ ತರಗತಿಗೆ ಬಿಟ್ಟರು. ಸೋಂಕು ಗಣನೀಯವಾಗಿ ಹೆಚ್ಚಲಿಲ್ಲ.

ಇನ್ನು ಗಾಳಿಯನ್ನು ಅಳೆಯುವ ಬಗೆ. ನಾವು ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 40,000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಹೊರಗಿನ ಗಾಳಿಯಲ್ಲಿ 420ರ ಆಸುಪಾಸು. ಕೋಣೆಯಲ್ಲಿಟ್ಟ ಕಾರ್ಬನ್ ಡೈಆಕ್ಸೈಡ್ ಮೀಟರ್ 800 ತೋರಿಸಿದರೆ ಪ್ರತಿ ನೂರು ಉಸಿರಿನಲ್ಲಿ ಒಂದು ಇನ್ನೊಬ್ಬರ ಎಂಜಲು ಉಸಿರು. 1500 ದಾಟಿದರೆ ಮೂರಕ್ಕೆ ಹತ್ತಿರ. ಮೀಟರನ್ನು ಕೂತ ಮಕ್ಕಳ ತಲೆಯ ಎತ್ತರಕ್ಕೆ, ಕಿಟಕಿ ಬಾಗಿಲಿನಿಂದ ದೂರ, ಯಾರ ಮುಖದಿಂದಲೂ ಅರ್ಧ ಮೀಟರ್ ಆಚೆ ಇಡಬೇಕು. ಕಿಟಕಿ ಪಕ್ಕ ಇಟ್ಟರೆ ಅದು ಹೊರಗಿನ ಗಾಳಿಯನ್ನೇ ಓದಿ ಸುಳ್ಳು ಸಮಾಧಾನ ಕೊಡುತ್ತದೆ. ಚಳಿಗಾಲಕ್ಕೆ ಜರ್ಮನಿಯ ಪರಿಸರ ಇಲಾಖೆ ಕೊಟ್ಟ ಸೂತ್ರ: 20 ನಿಮಿಷಕ್ಕೊಮ್ಮೆ ಎಲ್ಲ ಕಿಟಕಿಗಳನ್ನೂ ಅಗಲಕ್ಕೆ ತೆರೆದು ಮೂರರಿಂದ ಐದು ನಿಮಿಷ ಬಿಡಿ. ಒಂದೇ ಕಿಟಕಿಯನ್ನು ದಿನವಿಡೀ ಬೆರಳಗಲ ತೆರೆದಿಟ್ಟರೆ ಕೋಣೆ ತಣ್ಣಗಾಗುತ್ತದೆ, ಗಾಳಿ ಮಾತ್ರ ಸಾಕಷ್ಟು ಬದಲಾಗುವುದಿಲ್ಲ.

ಕಿಟಕಿ ಸಾಲದಿದ್ದಲ್ಲಿ ಫಿಲ್ಟರ್. ಸಿಡಿಸಿ 2023ರ ಮೇನಲ್ಲಿ ಗಂಟೆಗೆ ಐದು ಸಲ ಗಾಳಿ ಬದಲಾವಣೆ ಎಂಬ ಗುರಿ ಕೊಟ್ಟಿತು, ಶಾಲೆಗಳು ತೆರೆದು ಎಷ್ಟೋ ಕಾಲವಾದ ಮೇಲೆ. 8 ಮೀಟರ್ ಉದ್ದ, 6 ಅಗಲ, 3 ಎತ್ತರದ ಕೋಣೆ 144 ಘನ ಮೀಟರ್. ಐದು ಸಲಕ್ಕೆ ಗಂಟೆಗೆ 720 ಘನ ಮೀಟರ್ ಶುದ್ಧ ಗಾಳಿ ಬೇಕು. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ರೂಪಿಸಿದ ಪೆಟ್ಟಿಗೆಯನ್ನು ಶಾಲೆಯವರೇ ಜೋಡಿಸಬಹುದು: ನಾಲ್ಕು ಬದಿಗೆ 20 ಇಂಚಿನ ಮರ್ವ್-13 (ಸಣ್ಣ ಕಣಗಳನ್ನೂ ಹಿಡಿಯುವ ದರ್ಜೆಯ) ಫಿಲ್ಟರ್, ಕೆಳಗೆ ರಟ್ಟು, ಮೇಲೆ ಗಾಳಿಯನ್ನು ಮೇಲಕ್ಕೆ ದೂಡುವ ಚೌಕ ಫ್ಯಾನ್, ಸಂದಿಗೆಲ್ಲ ಟೇಪು. ಫಿಲ್ಟರಿನ ಬಾಣ ಒಳಮುಖವಾಗಿರಬೇಕು. ಫ್ಯಾನಿನ ಮೂಲೆಗಳಿಂದ ಗಾಳಿ ಹಿಂದಕ್ಕೆ ನುಗ್ಗುವುದರಿಂದ ದುಂಡಗೆ ಕೊರೆದ ರಟ್ಟಿನಿಂದ ಮೂಲೆ ಮುಚ್ಚಬೇಕು. ಇದನ್ನು ಬಿಟ್ಟುಬಿಡುವವರಿದ್ದಾರೆ. ಇನ್ನೊಂದು ಎಡವಟ್ಟು ಸದ್ದಿನದು: ಪಾಠ ಕೇಳಿಸದೆಂದು ವೇಗ ತಗ್ಗಿಸುತ್ತಾರೆ, ಹೊರಬರುವ ಗಾಳಿಯೂ ತಗ್ಗುತ್ತದೆ. ಒಂದನ್ನು ಜೋರಾಗಿ ಓಡಿಸುವ ಬದಲು ಎರಡನ್ನು ಮೆಲ್ಲಗೆ ಓಡಿಸಿ. ಫಿಲ್ಟರ್ ಕಣಗಳನ್ನು ಹಿಡಿಯುತ್ತದೆಯೇ ಹೊರತು ಕಾರ್ಬನ್ ಡೈಆಕ್ಸೈಡನ್ನಲ್ಲ. ಪೆಟ್ಟಿಗೆ ಓಡಿದರೂ ಮೀಟರ್ ಇಳಿಯದಿದ್ದರೆ ಪೆಟ್ಟಿಗೆ ಕೆಟ್ಟಿದೆ ಎಂದು ಆಫ್ ಮಾಡಬೇಡಿ.