10 ಗ್ರಾಂ ಚಿನ್ನ, 10 ಗ್ರಾಂ ಬೆಳ್ಳಿ: ಪರಮಾಣು ಯಾವುದರಲ್ಲಿ ಜಾಸ್ತಿ?

ಈ ಪ್ರಶ್ನೆ ಮೊದಲ ಸಲ ಎದುರಾದಾಗ ನಾನು ಸುಮ್ನೆ ‘ಚಿನ್ನ’ ಎಂದು ಬರೆದುಬಿಟ್ಟಿದ್ದೆ. ಚಿನ್ನದ ಪರಮಾಣು ರಾಶಿ (ಒಂದು ಪರಮಾಣು ಎಷ್ಟು ಭಾರ ಎಂದು ಹೇಳುವ ಅಂಕಿ) 197, ಬೆಳ್ಳಿಯದು 108. ದೊಡ್ಡ ಅಂಕಿ ಇದ್ದ ಕಡೆ ಪರಮಾಣುವೂ ಜಾಸ್ತಿ ಎಂದುಕೊಂಡೆ. ಪೂರ್ತಿ ಉಲ್ಟಾ!

ಸಂತೆಯಲ್ಲಿ ಒಂದು ಕಿಲೋ ತೆಂಗಿನಕಾಯಿ ಅಂದರೆ ಎರಡೋ ಮೂರೋ ಬರುತ್ತವೆ. ಒಂದು ಕಿಲೋ ನಿಂಬೆಹಣ್ಣು ಅಂದರೆ ಚೀಲ ಅರ್ಧ ತುಂಬುತ್ತದೆ. ಒಂದೊಂದೂ ಭಾರವಾದಷ್ಟು ಅದೇ ತೂಕಕ್ಕೆ ಬರುವ ಎಣಿಕೆ ಕಡಿಮೆ. ಪರಮಾಣುಗಳದ್ದೂ ಇದೇ ಕಥೆ.

ಆದರೆ ಪರಮಾಣುವನ್ನು ನಿಂಬೆಹಣ್ಣಿನಂತೆ ಎಣಿಸಲು ಆಗುವುದಿಲ್ಲ. ಅದಕ್ಕೇ ಮೋಲ್. ಡಜನ್ ಅಂದರೆ 12, ಮೋಲ್ ಅಂದರೆ 6.022 × 10²³. (2019ರಿಂದ ಇದನ್ನು 6.02214076 × 10²³ ಎಂದು ಖಚಿತವಾಗಿ ನಿಗದಿ ಮಾಡಿದ್ದಾರೆ. ಲೆಕ್ಕಕ್ಕೆ 6.022 ಸಾಕು.) ಯಾವುದೇ ಧಾತುವಿನ ಪರಮಾಣು ರಾಶಿಯನ್ನು ಗ್ರಾಂನಲ್ಲಿ ತೂಗಿದರೆ ಅದರಲ್ಲಿ ಒಂದು ಮೋಲ್ ಪರಮಾಣು ಇರುತ್ತದೆ. 197 ಗ್ರಾಂ ಚಿನ್ನದಲ್ಲಿ ಎಷ್ಟೋ, 108 ಗ್ರಾಂ ಬೆಳ್ಳಿಯಲ್ಲೂ ಅಷ್ಟೇ.

ಈಗ ಲೆಕ್ಕ (ಹೋಲಿಕೆಗೆ 10 ಗ್ರಾಂ ಅಲ್ಯೂಮಿನಿಯಂ ಕೂಡ ಇರಲಿ, ಅದರ ಪರಮಾಣು ರಾಶಿ 27):
ಚಿನ್ನ: 10 ÷ 197 = 0.051 ಮೋಲ್
ಬೆಳ್ಳಿ: 10 ÷ 108 = 0.093 ಮೋಲ್
ಅಲ್ಯೂಮಿನಿಯಂ: 10 ÷ 27 = 0.37 ಮೋಲ್

ಯಾವುದು ಜಾಸ್ತಿ ಎಂದಷ್ಟೇ ಕೇಳಿದರೆ ಇಲ್ಲಿಗೇ ನಿಲ್ಲಿಸಿ. 6.022 × 10²³ರಿಂದ ಗುಣಿಸುತ್ತಾ ಕೂತರೆ ಸಮಯ ಹಾಳು, ಮೂರಕ್ಕೂ ಗುಣಿಸುವುದು ಅದೇ ಸಂಖ್ಯೆಯಿಂದ ತಾನೇ? ಬೆಳ್ಳಿಯಲ್ಲಿ ಚಿನ್ನದ ಸುಮಾರು 1.8 ಪಟ್ಟು, ಅಲ್ಯೂಮಿನಿಯಂನಲ್ಲಿ 7 ಪಟ್ಟಿಗೂ ಜಾಸ್ತಿ ಪರಮಾಣುಗಳಿವೆ.

ನನಗೆ ನಿಜವಾಗಿ ಮಜಾ ಅನಿಸಿದ್ದು ಇದರ ನಂತರದ್ದು. ಸಮ ತೂಕದ ಬದಲು ಸಮ ಗಾತ್ರ ತೆಗೆದುಕೊಳ್ಳಿ. 1 ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗುತ್ತದೆ, ಬೆಳ್ಳಿ 10.5, ಅಲ್ಯೂಮಿನಿಯಂ 2.7. ಭಾಗಿಸಿ ನೋಡಿ: 0.098, 0.097, 0.100 ಮೋಲ್. ಹೆಚ್ಚುಕಡಿಮೆ ಒಂದೇ! ಮೂರೂ ಲೋಹಗಳ ಪರಮಾಣುಗಳ ಗಾತ್ರ ಬಹುತೇಕ ಸಮ, ಅವು ಒತ್ತೊತ್ತಾಗಿ ಕೂತಿರುವ ರೀತಿಯೂ ಒಂದೇ. ಅಂದರೆ ಚಿನ್ನದ ತುಂಡು ಕೈಗೆ ಭಾರ ಅನಿಸುವುದು ಅದರಲ್ಲಿ ಜಾಸ್ತಿ ಪರಮಾಣು ಇರುವುದರಿಂದ ಅಲ್ಲ, ಒಂದೊಂದು ಪರಮಾಣುವೇ ಭಾರ.

ಅನಿಲಗಳ ಪ್ರಶ್ನೆ ಬಂದರೆ ‘ಅಣು’ ಎಂದಿದೆಯೋ ‘ಪರಮಾಣು’ ಎಂದಿದೆಯೋ ಎರಡು ಸಲ ಓದಿ. ಆಕ್ಸಿಜನ್‌ನ ಪರಮಾಣು ರಾಶಿ 16, ಅದರ ಒಂದು ಅಣು ಅಂದರೆ ಎರಡು ಪರಮಾಣುಗಳ ಜೋಡಿ. ಹಾಗಾಗಿ 16 ಗ್ರಾಂ ಆಕ್ಸಿಜನ್ ಅನಿಲದಲ್ಲಿ ಅಣುಗಳು ಅರ್ಧ ಮೋಲ್, ಪರಮಾಣುಗಳು ಒಂದು ಮೋಲ್. ಇಲ್ಲೂ ನಾನು ಅಂಕ ಕಳೆದುಕೊಂಡವನೇ.