ಅಂತರ್ಜಲದ ಕೆಲಸ ಮಾಡಬೇಕು, ಯಾವ ಎಂಎಸ್ಸಿ ಸೇರಲಿ?

ಪ್ರಶ್ನೆ: ನನ್ನದು ಮುಳಬಾಗಿಲು ಹತ್ತಿರದ ಹಳ್ಳಿ. ಬಿಎಸ್ಸಿ ಕೊನೆಯ ವರ್ಷ, ಜಿಯಾಲಜಿ ಮತ್ತು ಕೆಮಿಸ್ಟ್ರಿ ಓದುತ್ತಿದ್ದೇನೆ. ಅಂತರ್ಜಲ, ನೀರಿನ ಗುಣಮಟ್ಟದ ಮೇಲೆ ಕೆಲಸ ಮಾಡುವ ಆಸೆ. ಎಂಎಸ್ಸಿಗೆ ಪರಿಸರ ವಿಜ್ಞಾನ ಸೇರಲಾ, ಜಿಯಾಲಜಿನಾ? ಎಲ್ಲಿ ಸೇರಿದರೆ ಒಳ್ಳೆಯದು?

ಉತ್ತರ: ಜಿಯಾಲಜಿ ಸೇರಿ. ಪರಿಸರ ವಿಜ್ಞಾನ ಕಡಿಮೆ ಅಂತಲ್ಲ. ನೀವು ಹೇಳುವ ಕೆಲಸಕ್ಕೆ ಬಂಡೆಯ ಓದು ಬೇಕೇ ಬೇಕು.

ನಮ್ಮ ಕೋಲಾರದ ನೀರಿನಲ್ಲಿರುವ ಫ್ಲೋರೈಡನ್ನೇ ನೋಡಿ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಆ ಆಳದಲ್ಲಿ ಗ್ರಾನೈಟ್, ನೈಸ್ ಬಂಡೆಗಳ ಸೀಳುಗಳಲ್ಲಿ ನೀರು ವರ್ಷಗಟ್ಟಲೆ ನಿಂತಿರುತ್ತದೆ. ಬಂಡೆಯೊಳಗಿನ ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಒಂದಷ್ಟು ಫ್ಲೋರೈಡ್ ಅದರ ಜೊತೆ ಸೇರಿ ಗಟ್ಟಿಯಾಗಿಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಜಾಸ್ತಿ ಇದ್ದರೆ ಹಾಗೇ ಕರಗಿ ಉಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 1.5. ಎಷ್ಟಿದೆ ಅಂತ ಕೆಮಿಸ್ಟ್ರಿ ಹೇಳುತ್ತದೆ. ಪಕ್ಕದ ಹೊಲದ ಬೋರಿನಲ್ಲಿ ಇಲ್ಲದ್ದು ಈ ಬೋರಿನಲ್ಲಿ ಯಾಕೆ ಬಂತು ಅಂತ ರೈತ ಕೇಳಿದರೆ? ಆಗ ಬಂಡೆ ಗೊತ್ತಿರಬೇಕು.

ಇನ್ನೊಂದು ಕಾರಣ ಕೆಲಸದ್ದು. ಕೇಂದ್ರ ಅಂತರ್ಜಲ ಮಂಡಳಿಯ ಹೈಡ್ರೋಜಿಯಾಲಜಿ ವಿಜ್ಞಾನಿಗಳನ್ನು ಯುಪಿಎಸ್‌ಸಿ ತನ್ನ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆಯಿಂದ ಆರಿಸುತ್ತದೆ. ಅದಕ್ಕೆ ಜಿಯಾಲಜಿ, ಅಪ್ಲೈಡ್ ಜಿಯಾಲಜಿ, ಮರೈನ್ ಜಿಯಾಲಜಿ ಅಥವಾ ಹೈಡ್ರೋಜಿಯಾಲಜಿಯ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಪರಿಸರ ವಿಜ್ಞಾನದ ಸರ್ಟಿಫಿಕೇಟ್ ಹಿಡಿದು ಹೋದರೆ ಅರ್ಜಿ ಹಾಕಲೂ ಆಗುವುದಿಲ್ಲ. ಇದು ಎಷ್ಟೋ ಮಕ್ಕಳಿಗೆ ಎಂಎಸ್ಸಿ ಮುಗಿದ ಮೇಲೆ ಗೊತ್ತಾಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾಲೇಜು ಅಧ್ಯಾಪಕರಾಗುವ ಮನಸ್ಸಿದ್ದರೆ ಎರಡಕ್ಕೂ ಅರ್ಹತಾ ಪರೀಕ್ಷೆಯ ದಾರಿ ಇದೆ: ಭೂವಿಜ್ಞಾನಕ್ಕೆ ಸಿಎಸ್‌ಐಆರ್ ನೆಟ್, ಪರಿಸರ ವಿಜ್ಞಾನಕ್ಕೆ ಯುಜಿಸಿ ನೆಟ್.

ಎಲ್ಲಿ ಅಂದರೆ, ಬೆಂಗಳೂರಿನ ಜ್ಞಾನಭಾರತಿ, ಮೈಸೂರಿನ ಮಾನಸಗಂಗೋತ್ರಿ, ಧಾರವಾಡ, ಮೂರೂ ಕಡೆ ಭೂವಿಜ್ಞಾನ ವಿಭಾಗ ಇದೆ. ಐಐಟಿ ಆಗಬೇಕೆಂದರೆ ಅಲ್ಲಿನ ಎಂಎಸ್ಸಿ ಪ್ರವೇಶಕ್ಕಿರುವ ಜಾಮ್ ಪರೀಕ್ಷೆಯ ಜಿಯಾಲಜಿ ಪೇಪರ್ ಬರೆಯಬೇಕು.

ಬರೀ ಹೆಸರು ನೋಡಿ ಸೇರಬೇಡಿ. ಒಂದು ದಿನ ವಿಭಾಗಕ್ಕೇ ಹೋಗಿ ಬನ್ನಿ. ಎರಡನೇ ವರ್ಷದವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಮಾತಾಡಿಸಿ. ನೀರಿನ ಸ್ಯಾಂಪಲ್ ನೀವೇ ತೆಗೆದಿದ್ದೀರಾ ಅಂತ ಕೇಳಿ. ಸರಿಯಾಗಿ ಕಲಿತವರಾದರೆ, ಮೊದಲು ಪಂಪ್ ಓಡಿಸಿ ಪೈಪಿನ ಹಳೇ ನೀರು ಹೊರಗೆ ಬಿಟ್ಟೆವು, ಪಿಎಚ್ ಮತ್ತು ಇಸಿ (ನೀರಿನ ವಿದ್ಯುತ್ ವಾಹಕತೆ) ಅಲ್ಲೇ ಅಳೆದೆವು, ಫ್ಲೋರೈಡ್‌ಗೆ ಗಾಜು ಬಿಟ್ಟು ಪ್ಲಾಸ್ಟಿಕ್ ಬಾಟಲಿ ಒಯ್ದೆವು ಅಂತ ಪಟಪಟ ಹೇಳುತ್ತಾರೆ. ಮೀಟರ್ ಬೀರುವಿನೊಳಗೇ ಇದೆ, ನಾವು ಮುಟ್ಟಿಲ್ಲ ಅಂದರೆ ಬೇರೆ ಕಡೆ ನೋಡಿ. ಹೋದ ವರ್ಷದ ಪ್ರಾಜೆಕ್ಟ್ ವರದಿಗಳನ್ನೂ ತಿರುವಿ ಹಾಕಿ. ಅಂತರ್ಜಲದ ಮೇಲೆ ಒಂದೂ ಇಲ್ಲದಿದ್ದರೆ ನಿಮಗೆ ಗೈಡ್ ಸಿಗುವುದು ಕಷ್ಟ, ಅಲ್ವಾ?

ಪ್ರಾಜೆಕ್ಟ್ ವಿಷಯಕ್ಕೆ ದೂರ ಹೋಗಬೇಕಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ನೀರು ಇಂಗಿದ ಮೇಲೆ ಸುತ್ತಲಿನ ಬೋರುಗಳಲ್ಲಿ ನೈಟ್ರೇಟ್, ಫ್ಲೋರೈಡ್ ಹೇಗೆ ಬದಲಾಗುತ್ತಿದೆ ಅನ್ನುವುದು ನಮ್ಮೂರಿಗೆ ಬೇಕಾದ ಪ್ರಶ್ನೆ. ಅದನ್ನು ಒಪ್ಪಿಕೊಳ್ಳುವ ಗೈಡ್ ಸಿಕ್ಕರೆ ಸಣ್ಣ ವಿಭಾಗವಾದರೂ ಸೇರಿಬಿಡಿ.

ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು.